ಓದಿ ಊದಿದ ಪೆನ್ನು

ಆ ಬೆಳಗ್ಗೆ ಗಾಳಿಗೇ ಜ್ವರ ಬಂದಂತಿತ್ತು. ಹೊತ್ತು ಇನ್ನೂ ಖರ್ಜೂರದ ಮರದ ನೆತ್ತಿಗೆ ಏರಿರಲಿಲ್ಲ. ಆಗಲೇ ಪಡುವಣದ ಮರಳುಗಾಡಿನಿಂದ ಹೊರಟ ಧೂಳು ನೈಲ್ ಕಾಲುವೆ ದಾಟಿ, ಹತ್ತಿಯ ಹೊಲ ದಾಟಿ, ಕಫ್ರ್ ಸನದ್ ಹಳ್ಳಿಯ ಒಂದೊಂದು ಬಾಗಿಲ ಸಂದಿಗೂ ನುಗ್ಗುತ್ತಿತ್ತು. ಕೋಳಿಗಳು ಕೂಡ ಸದ್ದಡಗಿಸಿದ್ದವು. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದ ಶೇಖ್ ಮುತವಲ್ಲಿ ಮನೆಯ ಮುಂದಿನ ಜಗಲಿಯ ಮೇಲೆ ಕೂತು, ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರು. ನಾಲಿಗೆಯ ಮೇಲಿನ ಮಣ್ಣು ಹೋಗಲಿಲ್ಲ. ಮತ್ತೆ ಮುಕ್ಕಳಿಸಿದರು.

ಬಾಯಿಯ ವಿಷಯದಲ್ಲಿ ಅವರದು ಬಹಳ ಮಡಿ. ಎಳವೆಯಲ್ಲಿ ಕಣ್ಣುಬೇನೆ ಬಂದು ದೃಷ್ಟಿ ಹೋದಾಗ ತಾಯಿ ಅವರನ್ನು ಕೈ ಹಿಡಿದು ನಡೆಸಿಕೊಂಡು ಹೋಗಿ ಕುರಾನ್ ಪಾಠಶಾಲೆಯಲ್ಲಿ ಬಿಟ್ಟುಬಂದಿದ್ದಳು. "ದೇವರು ಕಣ್ಣು ತಗೊಂಡು ನಾಲಿಗೆ ಕೊಟ್ಟಿದಾನೆ ಮಗಾ, ಅದನ್ನ ಅವನಿಗೇ ಒಪ್ಪಿಸು" ಅಂದಿದ್ದಳು. ಅಂದಿನಿಂದ ಗಡ್ಡ ಬಿಡಿಸಿದ ಹತ್ತಿಯಂತಾಗುವವರೆಗೂ ಸುತ್ತಲಿನ ಊರುಗಳಲ್ಲಿ ಯಾರು ತೀರಿಕೊಂಡರೂ ಶೋಕದ ಚಪ್ಪರದಲ್ಲಿ ಕೂತು ಓದುವವರು ಅವರೇ. ಬೈಗುಳ ಆಡಿದ ಬಾಯಲ್ಲಿ ದೇವರ ಮಾತು ಬರಬಾರದೆಂದು ಅವರು ದಾರಿಗಡ್ಡ ನಿಂತ ಕತ್ತೆಯನ್ನೂ ಬೈದವರಲ್ಲ.

ಹುಳಿ ಹಾಲಿನ ವಾಸನೆ ಮೊದಲು ಬಂತು, ಆಮೇಲೆ ಚಪ್ಪಲಿಯ ಸದ್ದು. ಪಕ್ಕದ ಬೀದಿಯ ರಿಫತನ ತಾಯಿ. ಆಕೆ ಉಪ್ಪು ಹಾಕಿದ ಚೀಸು ಮಾಡಿ ಸಂತೆಯಲ್ಲಿ ಮಾರುವವಳು. ಊರಿಗೆಲ್ಲ ಉಮ್ಮ್ ರಿಫತ್.

"ಶೇಖ್ರೇ, ಇದೀರಾ?"

"ಇದೀನಿ ಕಣಮ್ಮ. ಈ ಗಾಳೀಲಿ ಎಲ್ಲಿಗೆ ಹೋಗ್ಲಿ? ಕೂತ್ಕೋ."

"ಕೂರೋಕೆ ಪುರುಸೊತ್ತಿಲ್ಲ. ನೀವು ಒಂದೇ ಒಂದು ಸಲ ಕುರಾನ್ ಓದಿ ಊದಬೇಕು."

"ಯಾರಿಗೆ? ಮಗೂಗೆ ದೃಷ್ಟಿ ಆಗಿದೆಯಾ?"

"ಪೆನ್ನಿಗೆ."

ಶೇಖರು ತಂಬಿಗೆ ಕೆಳಗಿಟ್ಟರು. "ಪೆನ್ನಿಗಾ?"

"ಊದಿದ್ದೇ ತಂದಿದೀನಿ, ಇಲ್ಲಾಂತಲ್ಲ. ಆದ್ರೆ ಅದು ಅಂಗಡಿ ಊದು. ನಾನು ನಿಮ್ಮ ಪಕ್ಕದ ಬೀದಿಯೋಳು, ನಂಗೆ ನೇರ ಊದು ಸಿಗಬಾರದಾ? ಮನೇಲಿ ಎಮ್ಮೆ ಕಟ್ಟಿದೋಳು ಪೇಟೆ ಹಾಲು ಯಾಕೆ ಕುಡೀಲಿ, ನೀವೇ ಹೇಳಿ."

"ನಿಧಾನ ಹೇಳಮ್ಮ. ಯಾವ ಪೆನ್ನು, ಯಾವ ಅಂಗಡಿ?"

"ಅದೇ, ತಂತಾ ಪಟ್ಟಣದಲ್ಲಿ ನಿಮ್ಮ ಮೊಮ್ಮಗಳು, ನನ್ನ ಮಗ ಎಲ್ಲ ಪಾಠಕ್ಕೆ ಹೋಗ್ತಾರಲ್ಲ, ಆ ಮಿಸ್ಟರ್ ವಲೀದನ ಸೆಂಟರು. ಅಲ್ಲಿಂದ ರಿಫತ್ ಒಂದು ಡಬ್ಬಿನೇ ತಂದಿದಾನೆ. ದಿಂಬಿನ ಕೆಳಗಿಟ್ಕೊಂಡು ಮಲಗ್ತಾನೆ. ನಾಳಿದ್ದು ಭೌತಶಾಸ್ತ್ರದ ಪರೀಕ್ಷೆ, ಪುಸ್ತಕ ತೆಗಿಯೋ ಮೂದೇವಿ ಅಂದ್ರೆ, 'ಅಮ್ಮಾ, ಕುರಾನ್ ಪೂರ್ತಿ ಓದಿ ಊದಿರೋ ಪೆನ್ನು, ಅದಕ್ಕೆ ಉತ್ತರ ಗೊತ್ತಿರಲ್ವಾ' ಅಂತಾನೆ. ಅದಕ್ಕೇ ಬಂದೆ. ಪೆನ್ನಿನ ಜೊತೆ ಅವನ ತಲೆಗೂ ತಾಗೋ ಹಾಗೆ ಒಂಚೂರು ಜೋರಾಗಿ ಊದಿ."

ಶೇಖರಿಗೆ ನಗು ಬರಬೇಕಿತ್ತು. ಬರಲಿಲ್ಲ. "ಊದಿದ್ದು ಯಾರು ಅಂತ ಹೇಳಿದ್ರು?"

"ಅಯ್ಯೋ, ಹೇಳೋದೇನು ಬಂತು! ಮೇಲೆ ನಿಮ್ಮ ಮುಖಾನೇ ಇದೆಯಲ್ಲ. ರುಮಾಲು, ಗಡ್ಡ, ಕಪ್ಪು ಕನ್ನಡಕ, ಎಲ್ಲ. ಚೆನ್ನಾಗಿ ಬಂದಿದೆ. ಸ್ವಲ್ಪ ಬೆಳ್ಳಗೆ ಮಾಡವ್ರೆ."

ಆಕೆ ಅವರ ಅಂಗೈ ಬಿಡಿಸಿ ಪೆನ್ನನ್ನು ಇಟ್ಟಳು. ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಕೈಬೆವರಿಗೆ ಅಂಟಂಟು. ತಮ್ಮ ಮುಖ ಎಲ್ಲಿದೆಯೋ ಅವರಿಗೆ ಗೊತ್ತಾಗಲಿಲ್ಲ. ಹೆಬ್ಬೆರಳು ಆ ನುಣುಪಿನ ಮೇಲೆ ಜಾರಿತು. ಸತ್ತ ಹಲ್ಲಿಯನ್ನು ಕತ್ತಲೆಯಲ್ಲಿ ಮುಟ್ಟಿದಂತಾಗಿ ಮೈ ಜುಮ್ಮೆಂದಿತು.

"ಇದು ಇಲ್ಲೇ ಇರಲಿ" ಅಂದರು. "ಮಗನಿಗೆ ಪುಸ್ತಕ ತೆಗಿ ಅಂತ ಹೇಳಮ್ಮ. ಶೇಖರು ಹೇಳಿದ್ರು ಅಂತ ಹೇಳು."

"ಹೇಳ್ತೀನಿ. ನಿಮ್ಮ ಮಾತು ಅವನು ಕೇಳಲ್ಲ, ನಿಮ್ಮ ಪೆನ್ನಿನ ಮಾತು ಕೇಳ್ತಾನೆ" ಅನ್ನುತ್ತ ಆಕೆ ಹೊರಟುಹೋದಳು.

ಶೇಖರು ಮೊಮ್ಮಗಳನ್ನು ಕೂಗಿದರು. ಬುಸೈನಾ ಒಳಗಿನಿಂದ ಬಂದಳು. ಶಾಲೆಯ ಕಡೆಯ ಪರೀಕ್ಷೆಯಾದ ಸಾನವಿಯ್ಯಾದ ವರ್ಷ ಅವಳದು. ಒಂದು ಅಂಕ ಹೆಚ್ಚು ಕಡಿಮೆಯಾದರೆ ಒಂದು ಜನ್ಮ ಅತ್ತ ಇತ್ತ ಆಗುವ ಪರೀಕ್ಷೆ. ಅವಳಿಗೆ ಎಂಜಿನಿಯರಿಂಗ್ ಕಾಲೇಜು ಸೇರಬೇಕು. ನೀರಾವರಿ ಓದಬೇಕು. ಕಾಲುವೆಯ ತುದಿಯ ಹೊಲಗಳಿಗೆ ನೀರು ಯಾಕೆ ಮುಟ್ಟುವುದಿಲ್ಲ ಎಂದು ಚಿಕ್ಕಂದಿನಿಂದಲೂ ಕೇಳುತ್ತಿದ್ದ ಹುಡುಗಿ, ಯಾರ ಉತ್ತರವೂ ಅವಳಿಗೆ ಸಾಕಾಗಿರಲಿಲ್ಲ.

"ಇದರ ಮೇಲೆ ಏನು ಬರೆದಿದೆ, ಓದು ತಾಯಿ."

ಅವಳು ಪೆನ್ನು ತೆಗೆದುಕೊಂಡಳು. ತಕ್ಷಣ ಓದಲಿಲ್ಲ.

"ಓದು."

"ಶೇಖ್ ಮುತವಲ್ಲಿ ಅವರು ಪೂರ್ಣ ಕುರಾನ್ ಓದಿ ಊದಿದ ಪೆನ್ನು" ಎಂದು ಅವಳು ಮೆಲ್ಲಗೆ ಓದಿದಳು. "ಭೌತಶಾಸ್ತ್ರದ ಸುಲ್ತಾನ ವಲೀದ್ ಬಹ್ಗತ್ ಅವರ ಮಕ್ಕಳಿಗಾಗಿ. ದೇವರ ಇಚ್ಛೆಯಿದ್ದರೆ ಪೂರ್ಣ ಅಂಕ. ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ."

ಗಾಳಿ ಒಂದು ಸುತ್ತು ಸುತ್ತಿ ಜಗಲಿಯ ಮೇಲೆ ಧೂಳು ಚೆಲ್ಲಿತು.

"ನೀನು ಇದನ್ನ ಮೊದಲೇ ನೋಡಿದ್ಯಾ?"

"ಚಳಿಗಾಲದಿಂದ ಮಾರ್ತಿದಾರೆ ತಾತ."

"ಮತ್ತೆ ನಂಗೆ ಹೇಳಲೇ ಇಲ್ವಲ್ಲ?"

"ನಿಮಗೆ ಗೊತ್ತಿದೆ ಅಂದ್ಕೊಂಡೆ" ಅಂದಳು ಬುಸೈನಾ.

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಅವರನ್ನು ಹೆಚ್ಚು ಸುಟ್ಟಿತು. ಚಳಿಗಾಲದಿಂದ ಈ ಹುಡುಗಿ ತನ್ನ ತಾತ ದೇವರ ಮಾತನ್ನು ಡಬ್ಬಿಗೆ ತುಂಬಿ ಮಾರುವವನೆಂದು ನಂಬಿಕೊಂಡೇ ದಿನಾ ಅವರ ಕೈಗೆ ಚಹಾ ಕೊಟ್ಟಿದ್ದಳು, ಪಾದರಕ್ಷೆ ಸರಿಮಾಡಿ ಇಟ್ಟಿದ್ದಳು.

ಶುರುವಾದದ್ದು ಹೀಗೆ. ಊರಿನ ಸರಕಾರಿ ಶಾಲೆಯಲ್ಲಿ ಕಡೆಯ ವರ್ಷದ ಕೋಣೆ ಎಂದರೆ ಖಾಲಿ ಬೆಂಚುಗಳ ಕೋಣೆ. ಮಕ್ಕಳೆಲ್ಲ ಪಟ್ಟಣದ ಸೆಂಟರುಗಳಿಗೆ ಓಡುತ್ತಾರೆ. ಸೆಂಟರಿಗೆ ಹೋಗದ ಮಗು ದಡದಲ್ಲೇ ಉಳಿದ ದೋಣಿ ಎಂಬುದು ಎಲ್ಲ ತಾಯಂದಿರ ಮಾತು. ಬುಸೈನಾಳ ಅಪ್ಪ ಲಿಬಿಯಾದಲ್ಲಿ ಗಾರೆ ಕೆಲಸಕ್ಕೆ ಹೋದವನು. ಅವನು ಕಳಿಸಿದ್ದು ಊಟಕ್ಕಾದರೆ ಬಟ್ಟೆಗಿಲ್ಲ, ಬಟ್ಟೆಗಾದರೆ ಸೆಂಟರಿಗಿಲ್ಲ. ಆಗ, ಹೋದ ಶರತ್ಕಾಲದಲ್ಲಿ, ಒಂದು ಶೋಕದ ಚಪ್ಪರದಲ್ಲಿ ಶೇಖರ ಓದು ಕೇಳಿದ ಕರಮ್ ಎಂಬುವನು ಮನೆ ಹುಡುಕಿಕೊಂಡು ಬಂದಿದ್ದ. ಮಿಸ್ಟರ್ ವಲೀದನ ಬಲಗೈ ಆತ. "ತಿಂಗಳಿಗೊಂದು ಸಂಜೆ ಪುನರಾವರ್ತನೆ ಪಾಠ ಇರುತ್ತೆ ಮೌಲಾನಾ. ಮೊದಲು ಒಂದಿಷ್ಟು ಓದಿ, ಮಕ್ಕಳಿಗೆ ಹರಸಿ. ನಿಮ್ಮ ಮೊಮ್ಮಗಳಿಗೆ ಮುಂದಿನ ಸಾಲಲ್ಲಿ ಜಾಗ ನಮ್ಮದು. ವರ್ಷ ಪೂರ್ತಿ."

ಶೇಖರು ಅದರಲ್ಲಿ ತಪ್ಪು ಕಾಣಲಿಲ್ಲ. ಸತ್ತವರ ಮನೆಯಲ್ಲಿ ಓದಿ ಊಟ ಮಾಡುವವರು, ಓದುವ ಮಕ್ಕಳ ಮುಂದೆ ಓದಿದರೆ ಏನು? ಮೊದಲ ಸಂಜೆ ಕರಮ್ ಒಂದು ಪೆನ್ನಿನ ಕಟ್ಟನ್ನು ಮುಂದಿಟ್ಟು, "ಇದರ ಮೇಲೂ ಒಂದು ಉಸಿರು" ಅಂದಿದ್ದ. ಜ್ವರದ ಮಗುವಿಗೆ ನೀರಿನ ಮೇಲೆ ಓದಿ ಊದಿಕೊಡುವುದಿಲ್ಲವೇ, ಹಾಗೆಂದುಕೊಂಡು ಊದಿದ್ದರು. ಹೆದರಿದ ಮಕ್ಕಳಿಗೆ ಹಂಚುತ್ತಾರೆಂದುಕೊಂಡಿದ್ದರು. ಅದಾದ ಮೇಲೆ ಅವರ ಮುಂದೆ ಪೆನ್ನಿನ ಮಾತೇ ಬಂದಿರಲಿಲ್ಲ.

"ಇವತ್ತು ಕಡೇ ಸಂಜೆ ಅಲ್ವಾ ಅಲ್ಲಿ?"

"ಹೂಂ. ಪರೀಕ್ಷೆಗೆ ಮುಂಚಿನ ದೊಡ್ಡ ಪಾಠ. ಮದುವೆ ಛತ್ರದಲ್ಲಿ."

"ಸ್ವಲ್ಪ ಬೇಗನೇ ಹೋಗೋಣ."

ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಇಬ್ಬರೂ ವ್ಯಾನು ಹತ್ತಿದರು. ಕಿಟಕಿಗೆ ಗಾಜಿರಲಿಲ್ಲ. ದಾರಿಯುದ್ದಕ್ಕೂ ಅವರ ಹಿಂದಿನ ಸೀಟಿನಲ್ಲಿ ಯಾರೋ ಹುಡುಗರು ಪ್ರಶ್ನೆ ಸೋರಿದೆಯಂತೆ, ಇಲ್ಲವಂತೆ ಎಂದು ಕಿತ್ತಾಡುತ್ತಿದ್ದರು. ಬುಸೈನಾ ಕಾಗದ ಮಡಚಿ ಬಿಚ್ಚುವ ಸದ್ದು ಮಾತ್ರ ಶೇಖರಿಗೆ ಪಕ್ಕದಿಂದ ಕೇಳುತ್ತಿತ್ತು. ಏನೋ ಲೆಕ್ಕ ಮಾಡುತ್ತಿದ್ದಳು. ಈ ಹುಡುಗಿಯ ಭೌತಶಾಸ್ತ್ರ ತನ್ನ ಗಂಟಲಿನ ಮೇಲೆ ನಿಂತಿದೆ ಎಂದು ಅವರಿಗೆ ಎಷ್ಟೋ ಸಲ ಹೆಮ್ಮೆಯಾಗಿತ್ತು. ಇಂದು ಆ ಹೆಮ್ಮೆ ಉಳಿದಿರಲಿಲ್ಲ. ಇವತ್ತು ಕೇಳಿ ಜಗಳವಾದರೆ ಮುಂದಿನ ಸಾಲಿನ ಜಾಗ ಹೋಗುತ್ತದೆ. ಅದೂ ಯಾವತ್ತು? ಕಡೆಯ ಪಾಠದ ದಿನ, ಬರುವ ಪ್ರಶ್ನೆಗಳನ್ನೆಲ್ಲ ಹೇಳಿಕೊಡುವ ದಿನ. ಕೇಳದಿದ್ದರೆ? ಕೇಳದಿದ್ದರೆ ಈ ಬಾಯಿಯನ್ನು ಯಾವ ನೀರಿನಲ್ಲಿ ತೊಳೆಯುವುದು?

ಹುಡುಗಿಯನ್ನು ಛತ್ರದ ಬಾಗಿಲಲ್ಲಿ ಬಿಟ್ಟು, ಶೇಖರು ಕೋಲು ಊರುತ್ತ ಹಿಂಬದಿಗೆ ಹೋದರು. ಕರಮ್ ದೂರದಿಂದಲೇ ಓಡಿ ಬಂದು ತೋಳು ಹಿಡಿದ. ಅವನ ಮೈಯಿಂದ ಅತ್ತರು, ಸಿಗರೇಟು, ಬೆವರು ಎಲ್ಲ ಒಂದೇ ಸಲ ಬಂದವು.

"ಮೌಲಾನಾ! ಇಷ್ಟು ಬೇಗ! ಚಹಾ ಹೇಳ್ಲಾ?"

"ಚಹಾ ಬೇಡ. ಪೆನ್ನು ಎಲ್ಲಿವೆ?"

"ಪೆನ್ನಾ? ಬನ್ನಿ, ನೀವೇ ನೋಡಿ" ಅಂದವನು ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಮುಟ್ಟಿ ನೋಡಿ" ಅಂದ.

ಓಣಿಯೊಂದರ ತುದಿಗೆ ಕರೆದೊಯ್ದ. ಎಡಗಡೆಯಲ್ಲಿ ಪಾಯಿಖಾನೆ. ಅದರ ಬಾಗಿಲು ತೆರೆದೇ ಇತ್ತು. ನೀರು ಸೋರುವ ಸದ್ದು, ಮೂಗಿಗೆ ಬಡಿಯುವ ಅಮೋನಿಯ. ಬಲಗಡೆ ಉಗ್ರಾಣ. ಕರಮ್ ಬೀಗ ತೆಗೆದ.

ಒಳಗೆ ಯಾರೋ ಕುರಾನ್ ಓದುತ್ತಿದ್ದರು.

ಶೇಖರು ಅಭ್ಯಾಸದಂತೆ ತಲೆ ಬಗ್ಗಿಸಿದರು. ಒಳ್ಳೆಯ ಗಂಟಲು ಅನ್ನಿಸಿತು. ಉಸಿರು ಹಿಡಿಯುವ ಕಡೆ ಹಿಡಿಯುತ್ತಾನೆ, ಬಿಡುವ ಕಡೆ ಬಿಡುತ್ತಾನೆ. ಒಂದು ಸಾಲು ಮುಗಿದು ಇನ್ನೊಂದು ಸಾಲಿನ ಮೊದಲಕ್ಷರಕ್ಕೆ ಬರುವ ಹೊತ್ತಿಗೆ ಅವರಿಗೆ ತಿಳಿಯಿತು, ಅದು ತಮ್ಮದೇ ದನಿ.

"ಪುಟ್ಟ ಯಂತ್ರ ಮೌಲಾನಾ, ಪೆಟ್ಟಿಗೆಗಳ ಮೇಲಿಟ್ಟಿದೀನಿ" ಕರಮ್ ಹೆಮ್ಮೆಯಿಂದ ಹೇಳಿದ. "ನೀವು ಮೊದಲ ಸಂಜೆ ಓದಿದ್ದು. ಮುಗಿದ ತಕ್ಷಣ ಮತ್ತೆ ಮೊದಲಿಂದ. ಹಗಲೂ ರಾತ್ರಿ ಓದ್ತಾನೇ ಇದೀರ, ನಿಮಗೆ ದಣಿವೇ ಇಲ್ಲ! ಹೊಸ ಮಾಲು ಬಂದ್ರೆ ಒಂದು ರಾತ್ರಿ ಇದರ ಕೆಳಗೆ ಇಡ್ತೀವಿ. ನಾವು ಮೋಸದ ಜನ ಅಲ್ಲ. ಕೇಳಿಸದೇ ಒಂದು ಪೆನ್ನೂ ಆಚೆ ಹೋಗಲ್ಲ."

"ಊದೋದು ಯಾರು?"

"ಫ್ಯಾನು ಹಾಕಿರ್ತೀವಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ದೇವರಿಗೆ ಹೆದರಿಯೇ ಹೇಳುತ್ತಿದ್ದ. ಶೇಖರು ಕೈ ಚಾಚಿದರು. ರಟ್ಟಿನ ಪೆಟ್ಟಿಗೆಗಳು ಅವರ ತಲೆಯೆತ್ತರಕ್ಕೂ ಇದ್ದವು. ಒಂದರ ಮೂಲೆಯನ್ನು ಇಲಿ ಕಡಿದಿತ್ತು. ಬೆರಳಿಗೆ ಕಾಳಿನಂಥದ್ದೇನೋ ಹತ್ತಿತು. ಅದು ಇಲಿಯ ಹಿಕ್ಕೆ. ಆಚೆ ಪಾಯಿಖಾನೆಯಲ್ಲಿ ಯಾರೋ ಕೆಲಸದವನು ಕೂತಲ್ಲಿಂದಲೇ ಇನ್ನೊಬ್ಬನಿಗೆ ಹೊಲಸು ಮಾತು ಕೂಗಿದ, ಇಬ್ಬರೂ ನಕ್ಕರು. ಆ ನಗೆಯ ಮೇಲೆ, ಆ ವಾಸನೆಯ ಮೇಲೆ ಶೇಖರ ದನಿ ದೇವರ ಕರುಣೆಯನ್ನು ಕುರಿತು ಹಾಡುತ್ತಲೇ ಇತ್ತು. ಹೊಲಸಿರುವ ಕಡೆ ತುಟಿ ಅಲುಗಿಸಬಾರದೆಂದು ಎಪ್ಪತ್ತು ದಾಟುವವರೆಗೂ ಕಾಪಾಡಿಕೊಂಡು ಬಂದದ್ದು ಇಲ್ಲಿ ಚಳಿಗಾಲದಿಂದ ಬೋರಲು ಬಿದ್ದಿತ್ತು.

"ಆರಿಸು ಅದನ್ನ."

"ಮಿಸ್ಟರ್ ಹೇಳದೇ ಹೇಗೆ ಆರಿಸ್ಲಿ ಮೌಲಾನಾ?"

"ಹಾಗಾದ್ರೆ ನಿಮ್ಮ ಮಿಸ್ಟರ್ ಹತ್ರ ಕರಕೊಂಡು ಹೋಗು."

ಮಿಸ್ಟರ್ ವಲೀದ್ ಮದುಮಗಳ ಅಲಂಕಾರದ ಕೋಣೆಯಲ್ಲಿ ಊಟ ಮಾಡುತ್ತಿದ್ದ. ಅನ್ನ ತುಂಬಿ ಹುರಿದ ಪಾರಿವಾಳ. ಮೂಳೆ ಚೀಪುವ ಸದ್ದು ಬಾಗಿಲಿಗೇ ಕೇಳಿಸಿತು. ಚೀಪುತ್ತ ಚೀಪುತ್ತ ಅವನು ಎದ್ದುಬಂದು ಶೇಖರ ಕೈ ಹಿಡಿದು ಮುಂಗೈಗೆ ಮುತ್ತಿಟ್ಟ. ತುಪ್ಪದ ಜಿಡ್ಡು ಅವರ ಚರ್ಮದ ಮೇಲೆ ಉಳಿಯಿತು.

"ನಮ್ಮ ಮನೆಗೇ ಬೆಳಕು ಬಂತು! ಕೂತ್ಕೊಳ್ಳಿ ಮೌಲಾನಾ. ಒಂದು ರೆಕ್ಕೆನಾದ್ರೂ ತಿನ್ನಿ."

"ಮೊದಲ ಸಂಜೆಯ ಒಂದು ಕಟ್ಟು ಬಿಟ್ರೆ ಆ ಪೆನ್ನುಗಳ ಮೇಲೆ ನಾನು ಓದಿಲ್ಲ ಮಗಾ. ನನ್ನ ಹೆಸರು ತೆಗೆಸು. ಉಗ್ರಾಣದ ಯಂತ್ರ ನಿಲ್ಲಿಸು. ಹೊಲಸಿನ ಪಕ್ಕ ಕೂತು ಓದ್ತಿದೆ ಅದು."

"ಅಯ್ಯೋ, ಜಾಗ ಸರಿಯಿಲ್ವಾ? ನಾಳೆನೇ ಮೇಲಿನ ಮಹಡಿಗೆ ಹಾಕಿಸ್ತೀನಿ."

"ಜಾಗದ ಮಾತಲ್ಲ."

"ಮತ್ತೆ?" ಅವನು ಕೂತ. ಕುರ್ಚಿ ಕಿರುಗುಟ್ಟಿತು. "ಮಕ್ಕಳು ನಡುಗ್ತಿರ್ತಾರೆ ಮೌಲಾನಾ. ನಡುಗೋ ಕೈಗೊಂದು ಪೆನ್ನು ಕೊಡ್ತೀನಿ. ಇದರಲ್ಲಿ ಪಾಪ ಏನಿದೆ? ನೀವು ಸತ್ತೋರಿಗೆ ಓದ್ತೀರಿ, ನಾನು ಬದುಕಿರೋರಿಗೆ ಓದಿಸ್ತೀನಿ."

"ಸತ್ತವರು ಯಾರೂ ನನ್ನ ನಂಬಿ ಪುಸ್ತಕ ಮುಚ್ಚಿಟ್ಟಿಲ್ಲ."

ಮಿಸ್ಟರ್ ಜೋರಾಗಿ ನಕ್ಕ. "ಕರಮ್, ಇದನ್ನ ಬರ್ಕೊಳೋ! ವೇದಿಕೆ ಮೇಲೆ ಹೇಳೋಕೆ ಚೆನ್ನಾಗಿದೆ." ಆಮೇಲೆ ಬೆರಳು ನೆಕ್ಕಿಕೊಳ್ಳುತ್ತ ದನಿ ತಗ್ಗಿಸಿದ. "ಬುಸೈನಾ ಮುಂದಿನ ಸಾಲಲ್ಲಿ ಕೂತಿದಾಳಲ್ವಾ? ಚುರುಕು ಹುಡುಗಿ. ಇವತ್ತು ನಾನು ಕೊಡೋ ಪ್ರಶ್ನೆಗಳ ಹಾಳೆ ಮುಂದಿನ ಸಾಲುಗಳಿಗೆ ಮಾತ್ರ. ಹಿಂದಿನವರಿಗೆ ನನ್ನ ಮಾತು ಸರಿಯಾಗಿ ಕೇಳಿಸೋದೂ ಇಲ್ಲ, ಪಾಪ. ಇವತ್ತೊಂದು ದಿನ ಓದಿಬಿಡಿ ಮೌಲಾನಾ. ಪರೀಕ್ಷೆ ಮುಗೀಲಿ, ಆಮೇಲೆ ನೀವು ಹೇಳಿದ ಹಾಗೆ."

ಶೇಖರು ಉತ್ತರ ಕೊಡಬೇಕಿತ್ತು. ವ್ಯಾನಿನಲ್ಲಿ ಕಾಗದ ಮಡಚಿ ಬಿಚ್ಚಿದ ಸದ್ದು ಕಿವಿಯಲ್ಲಿತ್ತು. ಜಿಡ್ಡಿನ ಮುಂಗೈಯನ್ನು ನಿಲುವಂಗಿಗೆ ಒರೆಸಿಕೊಳ್ಳುತ್ತ ಸುಮ್ಮನೆ ನಿಂತರು. ಆ ಸುಮ್ಮನಿರುವಿಕೆಯೇ ಒಪ್ಪಿಗೆಯಾಯಿತು. ಕರಮ್ ತೋಳು ಹಿಡಿದು ವೇದಿಕೆಯ ಪಕ್ಕಕ್ಕೆ ನಡೆಸಿದ. ಕಸಾಯಿಯ ಮನೆಗೆ ಕುರಿ ಹೋಗುವುದಾದರೂ ಎಳೆದೊಯ್ದ ಮೇಲೆ. ತಾನು ನಡೆದೇ ಹೋಗುತ್ತಿದ್ದೇನೆ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಛತ್ರದೊಳಗೆ ಡೋಲು ಬಡಿಯಿತು. ಮದುವೆಯ ದಿಬ್ಬಣಕ್ಕೆ ಬಡಿಯುವ ಡೋಲು, ತುತ್ತೂರಿ. ಯಂತ್ರದ ಹೊಗೆ ಬಿಟ್ಟರು. ಅದಕ್ಕೆ ಸುಟ್ಟ ಸಕ್ಕರೆಯ ವಾಸನೆ. ಮಿಸ್ಟರ್ ವಲೀದ್ ಮದುಮಗನಂತೆ ನಡುದಾರಿಯಲ್ಲಿ ಬಂದ. ಹುಡುಗರು ಶಿಳ್ಳೆ ಹೊಡೆದರು. ಬೆವರಿದ ಅಷ್ಟೊಂದು ಮೈಗಳ ಬಿಸಿ ಒಟ್ಟಾಗಿ ವೇದಿಕೆಯ ಕಡೆಗೆ ಬಂದು ಮುಖಕ್ಕೆ ಬಡಿಯಿತು. ಅವನು ಮದುವೆ ಹಾಡಿನ ಧಾಟಿಯಲ್ಲಿ ವಿದ್ಯುತ್ತಿನ ಸೂತ್ರ ಹಾಡಿಸಿದ. ಎಲ್ಲರೂ ಕುಣಿದು ಹಾಡಿದರು.

"ತಡೆ ಅಂದ್ರೆ ಯಾರು ಮಕ್ಕಳೇ?"

"ಅತ್ತೆ!" ಸಭೆ ಕೂಗಿತು.

"ಪ್ರವಾಹ?"

"ಅಳಿಯ!"

"ಹಾಗಾದ್ರೆ ಶಾರ್ಟ್ ಸರ್ಕಿಟ್ ಯಾವಾಗ ಆಗುತ್ತೆ?"

ಅದರ ಉತ್ತರ ಬಾಯಲ್ಲಿ ಹೇಳುವಂಥದ್ದಲ್ಲ. ಹುಡುಗರು ಹೇಳಿದರು. ನಗೆ ಕೊಳಚೆಯ ನೀರಿನಂತೆ ಹಿಂದಿನಿಂದ ಮುಂದಕ್ಕೆ ಹರಿದು ಬಂತು. ಮುಂದಿನ ಸಾಲಿನಿಂದ, ಹೆಣ್ಣುಮಕ್ಕಳು ಕೂತ ಕಡೆಯಿಂದ, ಏನೂ ಕೇಳಿಸಲಿಲ್ಲ. ಆ ಏನೂ ಇಲ್ಲದ ಜಾಗದಲ್ಲಿ ತನ್ನ ಮೊಮ್ಮಗಳು ತಲೆ ತಗ್ಗಿಸಿ ಕೂತಿದ್ದಾಳೆಂದು ಶೇಖರಿಗೆ ತಿಳಿದಿತ್ತು. ವರ್ಷವೆಲ್ಲ ತಾವು ಗಂಟಲು ಕೊಟ್ಟು ಕೊಂಡುಕೊಟ್ಟ ಜಾಗ ಅದು.

"ಈಗ ಎಲ್ಲರೂ ಪೆನ್ನು ಮೇಲೆತ್ತಿ! ನಮ್ಮ ಮೌಲಾನಾ ಓದ್ತಾರೆ. ಪೆನ್ನು ತಗೊಳ್ಳದೇ ಇದ್ದೋರಿಗೆ ಬಾಗಿಲ ಹತ್ರ ಸಿಗ್ತವೆ."

ಕರಮ್ ಅವರನ್ನು ಕುರ್ಚಿಗೆ ಕೂರಿಸಿ ಮೈಕು ಬಾಯಿಗೆ ಹಿಡಿದ. ಅದರ ಜಾಲರಿಯ ಮೇಲೆ ಮಿಸ್ಟರನ ಎಂಜಲು ಇನ್ನೂ ತೇವವಾಗಿತ್ತು. ಅದರಲ್ಲಿ ಪಾರಿವಾಳದ ವಾಸನೆ. ಸಭೆ ನಿಶ್ಶಬ್ದವಾಯಿತು.

ಓದಲು ತೊಡಗುವ ಪ್ರತಿಯೊಬ್ಬನೂ ಮೊದಲು ಹೇಳುವ ಮಾತೊಂದಿದೆ. ಶೇಖರು ಅದನ್ನು ಹೇಳಿದರು.

"ಶಾಪಗ್ರಸ್ತನಾದ ಸೈತಾನನಿಂದ ಕಾಪಾಡೆಂದು ದೇವರ ಮೊರೆ ಹೊಕ್ಕಿದ್ದೇನೆ."

ಎಂದೂ ಅವರು ಆ ಮಾತನ್ನು ಅಷ್ಟು ಮನಸ್ಸಿಟ್ಟು ಹೇಳಿರಲಿಲ್ಲ. ಹೇಳಿ, ಮುಂದಿನದಕ್ಕೆ ಉಸಿರೆಳೆದುಕೊಂಡರು. ಉಸಿರಿನ ಜೊತೆ ಹೊಗೆ, ಜಿಡ್ಡು, ಓಣಿಯ ಆ ನಾತ ಎಲ್ಲ ಒಳಗೆ ಬಂತು. ಬಾಯಿ ಮುಚ್ಚಿಕೊಂಡಿತು. ಅವರು ಮುಚ್ಚಲಿಲ್ಲ, ತಾನೇ ಮುಚ್ಚಿತು.

ಒಂದು ಗಳಿಗೆ ಕಾದು, ಓದು ಮುಗಿಯಿತೆಂದುಕೊಂಡು ಸಭೆ "ಆಮೀನ್!" ಎಂದು ಗರ್ಜಿಸಿತು.

ಶೇಖರು ತಲೆಯಾಡಿಸಿದರು. ಅಲ್ಲ, ಅಲ್ಲ. ಕರಮ್ ಕಿವಿಯ ಹತ್ತಿರ ಬಗ್ಗಿ, "ಗಂಟಲು ಹಿಡಿಯಿತಾ ಮೌಲಾನಾ? ಹೆದರಬೇಡಿ, ವ್ಯವಸ್ಥೆ ಇದೆ" ಅಂದ. ಅವನ ಹೆಜ್ಜೆ ದೂರ ಸರಿಯಿತು. ಏನೋ ಟಕ್ಕೆಂದಿತು. ಮರುಕ್ಷಣ ಚಾವಣಿಯ ನಾಲ್ಕೂ ಮೂಲೆಗಳಿಂದ ಶೇಖ್ ಮುತವಲ್ಲಿಯವರ ದನಿ ಇಳಿಯಿತು.

ತುಟಿ ಬಿಗಿದು ಕೂತಿದ್ದ ಮುದುಕನ ತಲೆಯ ಮೇಲೆ ಅವರದೇ ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು, ನಡುಗಬೇಕಾದ ಕಡೆ ನಡುಗುತ್ತಿತ್ತು. "ಅಲ್ಲಾಹ್, ಅಲ್ಲಾಹ್ ಮೌಲಾನಾ!" ಎಂದು ಹಿಂದಿನ ಸಾಲಿನಿಂದ ಯಾರೋ ಹೊಗಳಿದರು. ತಾಯಿಯೊಬ್ಬಳು ಬಿಕ್ಕುವುದು ಕೇಳಿಸಿತು. ಬಾಯಿ ಮುಚ್ಚಿದ್ದು ಯಾರಿಗೂ ಕಾಣಲಿಲ್ಲವೇ? ಕಾಣಲಿಲ್ಲ. ಎಲ್ಲರ ಕಣ್ಣೂ ಎತ್ತಿ ಹಿಡಿದ ಪೆನ್ನುಗಳ ಮೇಲಿತ್ತು. ಎಂಜಲೆಲೆಗೆ ಮುತ್ತುವ ನೊಣಗಳ ಗುಂಯ್‌ಗುಡುವಿಕೆಗೂ ಆ ದನಿಗೂ ಅವರಿಗೆ ಆಗ ವ್ಯತ್ಯಾಸ ತಿಳಿಯಲಿಲ್ಲ. ತಮ್ಮ ದನಿಯನ್ನೇ ವಾಂತಿ ಮಾಡಿಕೊಳ್ಳಬೇಕೆನಿಸಿತು.

ಅವರು ಎದ್ದರು. ಕೋಲು ಊರಿ, ಮೆಟ್ಟಿಲನ್ನು ಕಾಲಿನಿಂದ ತಡವಿ, ಗೋಡೆ ಹಿಡಿದು ಹೊರಬಾಗಿಲ ಕಡೆಗೆ ನಡೆದರು. ಯಾರೂ ತಡೆಯಲಿಲ್ಲ. ಅವರಿಲ್ಲದೆಯೇ ಅವರ ಓದು ಚೆನ್ನಾಗಿ ನಡೆದಿತ್ತು.

ಹೊರಗಿನ ಮೊಗಸಾಲೆಯಲ್ಲಿ ನಲ್ಲಿಯಿತ್ತು. ಬಾಯಿ ಮುಕ್ಕಳಿಸಿ ಉಗುಳುತ್ತಿರುವಾಗ ಹಿಂದಿನಿಂದ ಹೆಜ್ಜೆ ಕೇಳಿಸಿತು. ಆ ಹೆಜ್ಜೆ ಅವರಿಗೆ ಗೊತ್ತು.

"ಯಾಕೆ ಎದ್ದು ಬಂದೆ? ಹೋಗು, ಪ್ರಶ್ನೆ ಹಾಳೆ ಕೊಡ್ತಾರಂತೆ" ಅಂದರು ಶೇಖರು.

"ನೀವು ಓದಲಿಲ್ಲ" ಅಂದಳು ಬುಸೈನಾ.

"ಕಂಡಿತಾ ನಿಂಗೆ?"

"ಮುಂದಿನ ಸಾಲಲ್ವಾ ತಾತ." ಅವಳು ಹತ್ತಿರ ಬಂದು ನಲ್ಲಿ ನಿಲ್ಲಿಸಿದಳು. "ಬೆಳಗ್ಗೆ ನಿಮ್ಮ ಮುಖ ನೋಡಿದಾಗಲೇ ತಿಳೀತು, ನಿಮಗೆ ಗೊತ್ತಿರಲಿಲ್ಲ ಅಂತ. ನಾನು ಅಷ್ಟು ದಿನ ಏನೇನೋ ಅಂದ್ಕೊಂಡಿದ್ದೆ. ಕ್ಷಮಿಸಿಬಿಡಿ."

ಶೇಖರು ಒದ್ದೆ ಕೈಯನ್ನೇ ಅವಳ ತಲೆಯ ಮೇಲಿಟ್ಟರು. "ನಿನ್ನ ಜಾಗ ಹಾಳಾಯ್ತಲ್ಲ ತಾಯಿ. ಭೌತಶಾಸ್ತ್ರಕ್ಕೆ ಏನು ಮಾಡ್ತೀಯ?"

"ಅಲ್ಲಿ ಯಾರು ಭೌತಶಾಸ್ತ್ರ ಕಲಿತಿದಾರೆ ತಾತ? ಅತ್ತೆ ಅಳಿಯನ ಕಥೆ ಕೇಳಿ ಬರ್ತಿದ್ದೆ. ನೀವು ಇಷ್ಟು ದೂರ ಬಂದು ಓದಿ ಸಂಪಾದಿಸಿದ ಜಾಗ, ಬಿಟ್ರೆ ನಿಮ್ಮ ಮನಸ್ಸು ನೋಯುತ್ತೆ ಅಂತ ಹೋಗ್ತಿದ್ದೆ."

ಶೇಖರು ನಲ್ಲಿಯ ಕಲ್ಲಿನ ಅಂಚಿಗೆ ಒರಗಿದರು. "ಮತ್ತೆ ಕಲಿತಿದ್ದು ಎಲ್ಲಿ?"

"ಮಸೀದೀಲಿ, ಹೆಂಗಸರ ಮಹಡೀಲಿ. ದಿನಾ ಬೆಳಗ್ಗೆ ನೀವು ಕೆಳಗೆ ಕೂತಿರ್ತೀರಲ್ಲ, ಕೇಳಿಸಲ್ವಾ ನಿಮಗೆ?"

ಕೇಳಿಸುತ್ತಿತ್ತು. ಬೆಳಗಿನ ಪ್ರಾರ್ಥನೆಯ ಮೇಲೆ ಮಹಡಿಯಲ್ಲಿ ಹುಡುಗಿಯರು ಗುಸುಗುಸು ಜಗಳವಾಡುವುದು, ಗಡಿಯಾರ ಕಿಣಿಕಿಣಿಸುವುದು, ಮತ್ತೆ ಜಗಳವಾಡುವುದು. ಆಟವೆಂದುಕೊಂಡಿದ್ದರು. ಬುಸೈನಾ ಹೇಳಿದಳು. ಖಾಲಿ ಬೆಂಚುಗಳ ಶಾಲೆಯಲ್ಲಿ ಇನ್ನೂ ಬಿಡದೆ ಪಾಠಕ್ಕೆ ಬರುವ ಇನ್ಶಿರಾಹ್ ಟೀಚರು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೆಲ್ಲ ಹುಡುಕಿ ಕೊಟ್ಟಿದ್ದರಂತೆ. ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಆಮೇಲೆ ಸರಿಯುತ್ತರದ ತಂಟೆಗೆ ಹೋಗುವುದಿಲ್ಲ. ತಪ್ಪು ಉತ್ತರ ಒಂದೊಂದೂ ಯಾಕೆ ತಪ್ಪು ಎಂದು ಒಬ್ಬಳು ಉಳಿದವರಿಗೆ ಒಪ್ಪಿಸಬೇಕು. ಒಪ್ಪುವವರೆಗೂ ಬಿಡುವುದಿಲ್ಲ. ಅದೇ ಜಗಳ.

"ಕಷ್ಟ ಇದೆ ತಾತ. ಪೂರ್ತಿ ಅಂಕ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಬಂದಷ್ಟು ನಂದೇ. ರಿಫತನ ಅಮ್ಮನಿಗೆ ಹೇಳಿ, ನಾಳೆ ಬೆಳಗ್ಗೆ ಅವನನ್ನ ಮಸೀದಿಗೆ ಎಬ್ಬಿಸಿ ಕಳಿಸ್ಲಿ. ಕೆಳಗೆ ನಿಮ್ಮ ಪಕ್ಕ ಕೂತ್ಕೊಳ್ಳಲಿ, ಮೇಲಿಂದ ನಾವು ಕೂಗಿ ಹೇಳ್ತೀವಿ."

ಒಳಗೆ ಯಂತ್ರದ ಓದು ಮುಗಿದು ಡೋಲು ಮತ್ತೆ ಬಡಿಯತೊಡಗಿತ್ತು. ಕರಮ್ ಏದುಸಿರು ಬಿಡುತ್ತ ಬಂದ.

"ಏನು ಮೌಲಾನಾ, ಹೇಳದೇ ಕೇಳದೇ ಎದ್ದು ಬಂದ್ರಿ! ಚಿಂತೆ ಇಲ್ಲ, ಎಲ್ಲ ಚೆನ್ನಾಗಾಯ್ತು. ಪೆನ್ನಿಗೆ ಮುಗಿಬಿದ್ದಿದಾರೆ ಜನ. ಬಾಮ್ಮಾ ಬುಸೈನಾ, ಹಾಳೆ ಹಂಚ್ತಿದಾರೆ, ನಿನ್ನ ಕುರ್ಚಿ ಖಾಲಿ ಇದೆ."

"ಆ ಯಂತ್ರ ಆರಿಸ್ತೀಯಾ?" ಶೇಖರು ಕೇಳಿದರು.

"ಅದು ನನ್ನ ಕೈಲಿಲ್ಲ ಮೌಲಾನಾ."

"ಹಾಗಾದ್ರೆ ಇನ್ನು ಮೇಲೆ ಎಲ್ಲೆಲ್ಲಿ ಓದೋಕೆ ಹೋಗ್ತೀನೋ ಅಲ್ಲೆಲ್ಲ ಮೊದಲು ಹೇಳ್ತೀನಿ. ಪೆನ್ನಿನ ಮೇಲಿರೋದು ನಾನಲ್ಲ ಅಂತ."

ಬುಸೈನಾ ಕೊರಳಿಗೆ ನೇತುಹಾಕಿಕೊಂಡಿದ್ದ ಮುಂದಿನ ಸಾಲಿನ ಚೀಟಿಯನ್ನು ತೆಗೆದಳು. ಅದರ ದಾರ ತಲೆವಸ್ತ್ರಕ್ಕೆ ಸಿಕ್ಕಿಕೊಂಡಿತು. ತಾಳ್ಮೆಯಿಂದ ಬಿಡಿಸಿಕೊಂಡು, ದಾರವನ್ನು ಚೀಟಿಗೆ ಸುತ್ತಿದಳು.

"ಜಾಗ ನಿಮ್ಮದು. ತಾತ ಇವತ್ತು ಓದಲಿಲ್ಲ" ಅಂದಳು.

"ಓದಿದ್ರಲ್ಲಮ್ಮಾ! ಇಡೀ ಸಭೆನೇ ಕೇಳ್ತು!"

"ತಾತ ಓದಲಿಲ್ಲ" ಎಂದು ಮತ್ತೆ ಹೇಳಿ, ದನಿ ಏರಿಸದೆ, ಅವಳು ಚೀಟಿಯನ್ನು ಅವನ ಅಂಗೈಯಲ್ಲಿಟ್ಟಳು.